ಜರ್ಮನಿಯ ಓದು, ಕರ್ನಾಟಕದ ಹೊಣೆ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ವಿಷಯ: ಜರ್ಮನಿಯಲ್ಲಿ ಓದುವ ರಾಜ್ಯದ ವಿದ್ಯಾರ್ಥಿಗಳ ಮೊದಲ ವರ್ಷದ ಕಷ್ಟಗಳು ಮತ್ತು ರಾಜ್ಯದಲ್ಲೇ ಆಗಬೇಕಾದ ಸಿದ್ಧತೆ.

ಜರ್ಮನಿಯಲ್ಲಿ ಓದುತ್ತಿರುವ ವಿದೇಶಿ ವಿದ್ಯಾರ್ಥಿಗಳಲ್ಲಿ ಈಗ ಭಾರತೀಯರದೇ ಅತಿ ದೊಡ್ಡ ಗುಂಪು. 2023–24ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಅವರ ಸಂಖ್ಯೆ 49,000 ದಾಟಿತ್ತು. ಇವರಲ್ಲಿ ಹೆಚ್ಚಿನವರು ಎಂಜಿನಿಯರಿಂಗ್ ಮತ್ತು ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳು. ಎಂಜಿನಿಯರಿಂಗ್ ಕಾಲೇಜುಗಳು ತುಂಬಿರುವ ಕರ್ನಾಟಕಕ್ಕೆ ಈ ದಾರಿ ಹೊಸತಲ್ಲ. ಜರ್ಮನಿಯ ಕಾನ್ಸುಲೇಟ್ ಮತ್ತು ಜರ್ಮನ್ ಭಾಷೆ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನ ಎರಡೂ ಬೆಂಗಳೂರಿನಲ್ಲಿವೆ. ಆದರೆ ಈ ದಾರಿಯ ಬಗ್ಗೆ ಕನ್ನಡದಲ್ಲಿ ಸಿಗುವ ನಂಬಲರ್ಹ ಮಾಹಿತಿ ತೀರಾ ಕಡಿಮೆ. ಅಲ್ಲಿಗೆ ಹೋದ ವಿದ್ಯಾರ್ಥಿ ಮೊದಲ ವರ್ಷ ಪಡುವ ಪಾಡಿನ ದೊಡ್ಡ ಪಾಲು ಹುಟ್ಟುವುದು ಇಲ್ಲೇ, ಹೊರಡುವ ಮೊದಲೇ.

ಜರ್ಮನಿಯತ್ತ ಸೆಳೆಯುವ ಮುಖ್ಯ ಕಾರಣವಾದ ಶುಲ್ಕವೇ ಮೊದಲ ಘಟ್ಟ. ಅಲ್ಲಿನ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳು ಬೋಧನಾ ಶುಲ್ಕ ಪಡೆಯುವುದಿಲ್ಲ. ಪ್ರತಿ ಸೆಮಿಸ್ಟರ್‌ಗೆ ಒಂದಿಷ್ಟು ವಂತಿಗೆ ಮಾತ್ರ ಕಟ್ಟಬೇಕು. ಆದರೆ ಈ ಮಾತಿಗೆ ಅಪವಾದಗಳಿವೆ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೋ ಪಡೆಯುತ್ತಿದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದಿಂದ ಶುಲ್ಕ ವಿಧಿಸಿದೆ. ಸ್ನಾತಕೋತ್ತರ ಕೋರ್ಸುಗಳಿಗೆ ಅದು ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ. ಖಾಸಗಿ ಸಂಸ್ಥೆಗಳ ಶುಲ್ಕ ಬೇರೆಯೇ. ಸರ್ಕಾರಿ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಏಜೆಂಟರಿಗೆ ಕಮಿಷನ್ ಕೊಡುವುದಿಲ್ಲ. ಹಾಗಾಗಿ ಕಮಿಷನ್ ನಂಬಿದ ಕನ್ಸಲ್ಟೆನ್ಸಿಗೆ ಖಾಸಗಿ ಸಂಸ್ಥೆಯ ಕಡೆಗೆ ಕೈ ತೋರಿಸುವುದರಲ್ಲೇ ಲಾಭ. ಮನೆಯಲ್ಲಿ ಮೊದಲ ಬಾರಿಗೆ ಪದವಿ ಪಡೆದ ಹುಡುಗ ಹುಡುಗಿಯರಿಗೆ ಈ ವ್ಯತ್ಯಾಸ ತಿಳಿಸಿ ಹೇಳುವವರು ಕಾಲೇಜಿನಲ್ಲಿ ಸಿಗುವುದು ಅಪರೂಪ.

ಎರಡನೆಯ ಘಟ್ಟ ಕಾಗದಪತ್ರಗಳದ್ದು. 2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳು ವೀಸಾ ಅರ್ಜಿಗೆ ಮೊದಲು ಎಪಿಎಸ್ ಪ್ರಮಾಣಪತ್ರ ಪಡೆಯಬೇಕು. ದೆಹಲಿಯಲ್ಲಿರುವ ಎಪಿಎಸ್ ಕಚೇರಿ ಅಂಕಪಟ್ಟಿ ಮತ್ತು ಪದವಿ ಅಸಲಿಯೇ ಎಂದು ಪರಿಶೀಲಿಸುತ್ತದೆ. ಚಳಿಗಾಲದ ಸೆಮಿಸ್ಟರ್‌ಗೆ ಅರ್ಜಿ ಹಾಕಲು ಹಲವು ಕಡೆ ಜುಲೈ 15 ಕಡೆಯ ದಿನ. ಎಷ್ಟೋ ಕೋರ್ಸುಗಳಲ್ಲಿ ಅದಕ್ಕೂ ಮುಂಚೆಯೇ ಬಾಗಿಲು ಮುಚ್ಚುತ್ತದೆ. ಇಲ್ಲಿ ಕೊನೆಯ ಸೆಮಿಸ್ಟರ್ ಫಲಿತಾಂಶ ತಡವಾದರೆ, ಟ್ರಾನ್ಸ್‌ಕ್ರಿಪ್ಟ್ ಕೈಗೆ ಬರಲು ವಾರಗಟ್ಟಲೆ ಹಿಡಿದರೆ ವಿದ್ಯಾರ್ಥಿಯ ಒಂದು ವರ್ಷ ಕಳೆದುಹೋಗುತ್ತದೆ.

ಅಂಕಪಟ್ಟಿಯಲ್ಲಿ ಏನು ಅಚ್ಚಾಗಿದೆ ಎಂಬುದೂ ಅಷ್ಟೇ ಮುಖ್ಯ. ಜರ್ಮನಿಯಲ್ಲಿ 1.0 ಅತ್ಯುತ್ತಮ ಶ್ರೇಣಿ, 4.0 ಪಾಸಾಗುವ ಕೊನೆಯ ಶ್ರೇಣಿ. ವಿದೇಶಿ ಅಂಕಗಳನ್ನು ಈ ಅಳತೆಗೆ ಇಳಿಸಲು ಬವೇರಿಯನ್ ಸೂತ್ರ ಬಳಕೆಯಲ್ಲಿದೆ. ಗರಿಷ್ಠ ಅಂಕದಿಂದ ವಿದ್ಯಾರ್ಥಿ ಪಡೆದ ಅಂಕವನ್ನು ಕಳೆಯಬೇಕು. ಉಳಿದುದನ್ನು ಗರಿಷ್ಠ ಅಂಕಕ್ಕೂ ಪಾಸಾಗುವ ಕನಿಷ್ಠ ಅಂಕಕ್ಕೂ ಇರುವ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಿಸಬೇಕು. ಹತ್ತಕ್ಕೆ ಏಳು ಸಿಜಿಪಿಎ ಪಡೆದ ವಿದ್ಯಾರ್ಥಿಯ ಕನಿಷ್ಠ ಪಾಸು 4 ಎಂದಾದರೆ ಜರ್ಮನ್ ಶ್ರೇಣಿ 2.5 ಆಗುತ್ತದೆ, ಕನಿಷ್ಠ ಪಾಸು 5 ಎಂದು ಹಿಡಿದರೆ 2.8 ಆಗುತ್ತದೆ. ಅನೇಕ ಕೋರ್ಸುಗಳು 2.5ಕ್ಕೇ ಗೆರೆ ಎಳೆಯುತ್ತವೆ. ಕನಿಷ್ಠ ಪಾಸು ಎಷ್ಟು ಎಂಬ ಒಂದು ಸಾಲು ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಸ್ಪಷ್ಟವಾಗಿ ಇಲ್ಲದಿದ್ದರೆ, ಅರ್ಹತೆ ಇರುವ ವಿದ್ಯಾರ್ಥಿಯೂ ಗೆರೆಯ ಹೊರಗೆ ಉಳಿಯಬಹುದು.

ಮೂರನೆಯದು ಹಣ. ಶುಲ್ಕವಿಲ್ಲ ಎಂದರೆ ಖರ್ಚಿಲ್ಲ ಎಂದಲ್ಲ. ಒಂದು ವರ್ಷದ ಜೀವನವೆಚ್ಚಕ್ಕೆ ಸಾಕಾಗುವ ಹಣವಿದೆ ಎಂದು ವೀಸಾಕ್ಕೆ ಮೊದಲೇ ತೋರಿಸಬೇಕು. ಇದಕ್ಕೆ ಹೆಚ್ಚಿನವರು ತೆರೆಯುವುದು ಬ್ಲಾಕ್ಡ್ ಅಕೌಂಟ್. 2024ರ ಸೆಪ್ಟೆಂಬರ್‌ನಿಂದ ಅದರಲ್ಲಿ ಇಡಬೇಕಾದ ಮೊತ್ತ 11,904 ಯೂರೋ, ಅಂದರೆ ಹತ್ತು ಲಕ್ಷ ರೂಪಾಯಿಗೂ ಹೆಚ್ಚು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಮಾತ್ರ ಅದು ಕೈಗೆ ಬರುತ್ತದೆ. ಬಾಡಿಗೆ, ಆರೋಗ್ಯ ವಿಮೆ, ಊಟ ಎಲ್ಲವೂ ಇದರಲ್ಲೇ ನಡೆಯಬೇಕು. ಮ್ಯೂನಿಕ್‌ನಂಥ ದುಬಾರಿ ನಗರದಲ್ಲಿ ಬಾಡಿಗೆಯೇ ಇದರ ಬಹುಪಾಲನ್ನು ನುಂಗುತ್ತದೆ. ಜಮೀನು, ಮನೆ ಅಡವಿಟ್ಟು ಸಾಲ ತೆಗೆದ ಕುಟುಂಬಕ್ಕೆ ಎರಡನೆಯ ವರ್ಷದ ಚಿಂತೆ ಮೊದಲ ತಿಂಗಳಲ್ಲೇ ಶುರುವಾಗುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳ ವಿದೇಶ ವ್ಯಾಸಂಗಕ್ಕೆ ನೆರವಾಗುವ ‘ಪ್ರಬುದ್ಧ’ ಯೋಜನೆ ರಾಜ್ಯದಲ್ಲಿ ಇರುವುದು ಶ್ಲಾಘನೀಯ. ಆದರೆ ಹಣದ ಆಧಾರ ವೀಸಾಕ್ಕೆ ಮೊದಲೇ ಕಾಣಬೇಕಾದ ದೇಶದಲ್ಲಿ, ಮಂಜೂರಾತಿ ಒಂದು ತಿಂಗಳು ತಡವಾದರೂ ಅದರ ಉದ್ದೇಶ ಕೆಡುತ್ತದೆ.

ನಾಲ್ಕನೆಯ ಘಟ್ಟ ಅಲ್ಲಿ ಕಾಲಿಟ್ಟ ಮೇಲಿನದು. ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ಸ್ಥಳೀಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದನ್ನು ಅನ್‌ಮೆಲ್ಡುಂಗ್ ಎನ್ನುತ್ತಾರೆ. ಅದಕ್ಕೆ ಮನೆ ಮಾಲೀಕರ ಲಿಖಿತ ದೃಢೀಕರಣ ಬೇಕು. ವಿಳಾಸ ನೋಂದಣಿ ಇಲ್ಲದೆ ತೆರಿಗೆ ಸಂಖ್ಯೆ ಬರುವುದಿಲ್ಲ, ವಾಸದ ಪರವಾನಗಿಯ ಕೆಲಸ ಮುಂದೆ ಸಾಗುವುದಿಲ್ಲ. ವಿದ್ಯಾರ್ಥಿ ಕಲ್ಯಾಣ ಸಂಸ್ಥೆಗಳ ಹಾಸ್ಟೆಲುಗಳು ಅಗ್ಗ, ಆದರೆ ದೊಡ್ಡ ನಗರಗಳಲ್ಲಿ ಅವುಗಳ ಕಾಯುವ ಪಟ್ಟಿ ಉದ್ದ. ಈ ಆತುರವನ್ನೇ ಬಂಡವಾಳ ಮಾಡಿಕೊಂಡು, ಇಲ್ಲದ ಕೋಣೆಯ ಫೋಟೊ ತೋರಿಸಿ ಮುಂಗಡ ಹಣ ಕೀಳುವವರು ಇದ್ದಾರೆ. ಮನೆ ನೋಡದೆ, ಕರಾರು ಓದದೆ ಹಣ ಕಳಿಸಬಾರದೆಂಬ ಒಂದು ಎಚ್ಚರಿಕೆಯ ಮಾತು ಹೊರಡುವ ಮೊದಲೇ ಕಿವಿಗೆ ಬಿದ್ದರೆ ಎಷ್ಟೋ ಕುಟುಂಬಗಳ ದುಡ್ಡು ಉಳಿಯುತ್ತದೆ.

ತರಗತಿಯ ಪದ್ಧತಿಯೂ ಬೇರೆ. ಇಲ್ಲಿ ಇಂಟರ್ನಲ್ಸ್, ಅಸೈನ್‌ಮೆಂಟ್, ಹಾಜರಾತಿ ಎಂದು ಸೆಮಿಸ್ಟರ್ ಉದ್ದಕ್ಕೂ ವಿದ್ಯಾರ್ಥಿಯನ್ನು ಎಳೆದೊಯ್ಯುವ ವ್ಯವಸ್ಥೆ ಇದೆ. ಅಲ್ಲಿ ಅನೇಕ ವಿಷಯಗಳಿಗೆ ಕೊನೆಯ ಒಂದೇ ಪರೀಕ್ಷೆ. ಆ ಪರೀಕ್ಷೆಗೂ ವಿದ್ಯಾರ್ಥಿಯೇ ಅವಧಿಯೊಳಗೆ ಹೆಸರು ನೋಂದಾಯಿಸಬೇಕು, ಮರೆತರೆ ನೆನಪಿಸುವವರಿಲ್ಲ. ಸಾಮಾನ್ಯವಾಗಿ ಒಂದು ವಿಷಯಕ್ಕೆ ಎರಡೋ ಮೂರೋ ಅವಕಾಶಗಳಷ್ಟೇ. ಕಡ್ಡಾಯ ವಿಷಯವೊಂದರಲ್ಲಿ ಕೊನೆಯ ಅವಕಾಶವನ್ನೂ ಕಳೆದುಕೊಂಡವರು ಆ ಕೋರ್ಸನ್ನೇ ಬಿಡಬೇಕಾಗುತ್ತದೆ. ಬ್ಯಾಕ್‌ಲಾಗ್ ಇಟ್ಟುಕೊಂಡು ನಿಧಾನವಾಗಿ ಪಾಸಾಗುವ ಅಭ್ಯಾಸವಿದ್ದವರಿಗೆ ಇದು ದೊಡ್ಡ ಆಘಾತ. ಇದರ ಜೊತೆಗೆ ಒಳ್ಳೆಯದೂ ಇದೆ: ಪಾಠದ ನಡುವೆ ಪ್ರಶ್ನೆ ಕೇಳುವುದು, ಪ್ರಾಧ್ಯಾಪಕರ ವಾದವನ್ನು ಒಪ್ಪದಿರುವುದು ಅಲ್ಲಿ ಅವಿಧೇಯತೆ ಎನಿಸುವುದಿಲ್ಲ. ಪ್ರಾಧ್ಯಾಪಕರ ಪ್ರಯೋಗಾಲಯದಲ್ಲಿ ಹಿವಿ ಎಂದು ಕರೆಯುವ ಸಹಾಯಕನ ಕೆಲಸ ಸಿಕ್ಕವರು ಸಂಬಳದ ಜೊತೆ ಸಂಶೋಧನೆಯ ಪಾಠವನ್ನೂ ಪಡೆಯುತ್ತಾರೆ.

ದುಡಿಮೆಗೆ ಮಿತಿಯಿದೆ. 2024ರ ಮಾರ್ಚ್‌ನಿಂದ ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಅಂಗಡಿ, ಗೋದಾಮು, ಹೋಟೆಲುಗಳ ಕೆಲಸಕ್ಕೂ ಒಂದಿಷ್ಟು ಜರ್ಮನ್ ಬೇಕು. ಇಂಗ್ಲಿಷಿನಲ್ಲಿ ನಡೆಯುವ ಕೋರ್ಸು ಸೇರಿದವರಿಗೆ ತರಗತಿಯ ಹೊರಗೆ ಕಾಲಿಟ್ಟ ಕೂಡಲೇ ಜರ್ಮನ್ ಎದುರಾಗುತ್ತದೆ: ಕಚೇರಿಯ ಪತ್ರ, ವೈದ್ಯರ ಚೀಟಿ, ಬಾಡಿಗೆ ಕರಾರು ಎಲ್ಲವೂ ಅದರಲ್ಲೇ. ಪದವಿ ಮುಗಿದ ಮೇಲೆ ಓದಿಗೆ ತಕ್ಕ ಉದ್ಯೋಗ ಹುಡುಕಲು 18 ತಿಂಗಳ ಅವಕಾಶವಿದೆ. ಆ ಹೊತ್ತಿಗೆ ಬಿ1 ಅಥವಾ ಬಿ2 ಎಂಬ ಮಧ್ಯಮ ಮಟ್ಟದ ಜರ್ಮನ್ ಬಾರದವರಿಗೆ ಅನೇಕ ಕಂಪನಿಗಳ ಬಾಗಿಲು ತೆರೆಯುವುದಿಲ್ಲ.

ಇವೆಲ್ಲದರ ಹಿಂದೆ ಒಂಟಿತನವಿದೆ. ಅಕ್ಟೋಬರ್‌ನಲ್ಲಿ ತರಗತಿ ಆರಂಭವಾಗಿ ಡಿಸೆಂಬರ್ ಬರುವಷ್ಟರಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲಾಗುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಮನೆಗೆ ಫೋನ್ ಮಾಡಿದಾಗ ಸಾಲದ ನೆನಪಾಗಿ, ಕಷ್ಟ ಹೇಳಿಕೊಳ್ಳದೆ ಚೆನ್ನಾಗಿದ್ದೇನೆ ಎಂದುಬಿಡುವ ವಿದ್ಯಾರ್ಥಿಗಳೇ ಹೆಚ್ಚು. ವಿಶ್ವವಿದ್ಯಾಲಯಗಳಲ್ಲೂ ವಿದ್ಯಾರ್ಥಿ ಕಲ್ಯಾಣ ಸಂಸ್ಥೆಗಳಲ್ಲೂ ಆಪ್ತ ಸಮಾಲೋಚನೆ ಲಭ್ಯವಿದೆ. ಫ್ರಾಂಕ್‌ಫರ್ಟ್ ಸುತ್ತಮುತ್ತ ರೈನ್-ಮೈನ್ ಕನ್ನಡ ಸಂಘದಂಥ ಬಳಗಗಳಿವೆ. ಹೊಸದಾಗಿ ಹೋದವರಿಗೆ ಇವು ಎಲ್ಲಿವೆ ಎಂಬ ಮಾಹಿತಿಯೂ ಮೊದಲೇ ಸಿಗಬೇಕು.

ಈ ಕಷ್ಟಗಳಲ್ಲಿ ಚಳಿ, ಬಾಡಿಗೆ, ವೀಸಾ ನಿಯಮ ರಾಜ್ಯ ಸರ್ಕಾರದ ಕೈಯಲ್ಲಿಲ್ಲ. ಉಳಿದವುಗಳಲ್ಲಿ ಹಲವು ಅದರ ಕೈಯಲ್ಲಿವೆ. ಟ್ರಾನ್ಸ್‌ಕ್ರಿಪ್ಟ್ ಮತ್ತು ತಾತ್ಕಾಲಿಕ ಪದವಿ ಪ್ರಮಾಣಪತ್ರಗಳಿಗೆ ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಸಕಾಲ ಕಾಯ್ದೆಯ ಕಾಲಮಿತಿ ಕಟ್ಟುನಿಟ್ಟಾಗಿ ನಡೆಯಬೇಕು. ಪ್ರತಿ ಟ್ರಾನ್ಸ್‌ಕ್ರಿಪ್ಟ್‌ನಲ್ಲೂ ಗರಿಷ್ಠ ಅಂಕ, ಪಾಸಾಗುವ ಕನಿಷ್ಠ ಅಂಕ ಮತ್ತು ಬೋಧನಾ ಮಾಧ್ಯಮ ಅಚ್ಚಾಗಬೇಕು. ಪ್ರತಿ ವಿಶ್ವವಿದ್ಯಾಲಯದಲ್ಲಿ ವಿದೇಶ ವ್ಯಾಸಂಗದ ಉಚಿತ ಸಲಹಾ ಕೇಂದ್ರ ತೆರೆದು, ವರ್ಷವರ್ಷವೂ ತಿದ್ದಿದ ಕೈಪಿಡಿಯನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಸರ್ಕಾರಿ ಪದವಿ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎ1, ಎ2 ಎಂಬ ಆರಂಭಿಕ ಮಟ್ಟದ ಜರ್ಮನ್ ಕಲಿಕೆಗೆ ಅವಕಾಶ ಇರಬೇಕು. ವಿದ್ಯಾರ್ಥಿವೇತನದ ಮಂಜೂರಾತಿ ವೀಸಾ ವೇಳಾಪಟ್ಟಿಗೆ ಹೊಂದುವಂತೆ ಸಂಬಂಧಪಟ್ಟ ಇಲಾಖೆಗಳೊಡನೆ ಮಾತುಕತೆ ನಡೆಯಬೇಕು.

ಇವುಗಳಲ್ಲಿ ಮೊದಲ ಎರಡಕ್ಕೆ ಹೊಸ ಕಾನೂನೂ ಬೇಡ, ದೊಡ್ಡ ಅನುದಾನವೂ ಬೇಡ. ಒಂದು ಸ್ಪಷ್ಟ ಸುತ್ತೋಲೆ ಸಾಕು. ಮುಂದಿನ ಅರ್ಜಿಯ ಅವಧಿ ಆರಂಭವಾಗುವ ಮೊದಲು ಆ ಸುತ್ತೋಲೆಯನ್ನು ಎಲ್ಲ ವಿಶ್ವವಿದ್ಯಾಲಯಗಳ ಕುಲಸಚಿವರಿಗೆ ಕಳಿಸಬೇಕೆಂದು ಮಾನ್ಯ ಸಚಿವರಲ್ಲಿ ಕಳಕಳಿಯ ಮನವಿ.