ಸ್ಟೌ ಸಿಡಿಯಿತು ಅನ್ನುವವರು ಸ್ಟೌ ತೋರಿಸಲಿ

ಎಂಬತ್ತು, ತೊಂಬತ್ತರ ದಶಕದಲ್ಲಿ ಪತ್ರಿಕೆ ಓದುತ್ತಿದ್ದ ಅಕ್ಕಂದಿರಿಗೆ ಈ ತಲೆಬರಹ ನೆನಪಿರಬೇಕು: ‘ಸ್ಟೌ ಸಿಡಿದು ಗೃಹಿಣಿ ಸಾವು’. ಒಳಪುಟದ ಮೂಲೆಯಲ್ಲಿ ನಾಲ್ಕೇ ಸಾಲು. ‘ಅಯ್ಯೋ ಪಾಪ’ ಅಂದು ಪುಟ ತಿರುಗಿಸುತ್ತಿದ್ದೆವು. ಬೆಂಗಳೂರು ನಗರವೊಂದರಲ್ಲೇ 1997ರಲ್ಲಿ 1,133 ಹೆಂಗಸರ ಸಾವು ಅಸ್ವಾಭಾವಿಕ ಎಂದು ದಾಖಲಾಯಿತು. ಅದರಲ್ಲಿ 546 ಆತ್ಮಹತ್ಯೆ, 430 ಅಪಘಾತ. ಕೊಲೆ ಎಂದು ಬರೆದುಕೊಂಡದ್ದು 157 ಮಾತ್ರ. ಅಪಘಾತದ ಲೆಕ್ಕದಲ್ಲಿ ಸ್ಟೌ ಹೆಸರು ಮತ್ತೆ ಮತ್ತೆ ಬರುತ್ತಿತ್ತು.

ಅದೇ ಸ್ಟೌ ಅತ್ತೆ ಹಚ್ಚಿದಾಗ, ಗಂಡ ಕಾಫಿ ಕಾಸಿಕೊಳ್ಳುವಾಗ ಯಾಕೆ ಸಿಡಿಯುವುದಿಲ್ಲ ಎಂದು ಮಹಿಳಾ ಸಂಘಟನೆಗಳು ಆಗಲೇ ಕೇಳಿದವು. ಸರಿಯಾದ ಪ್ರಶ್ನೆ. ಆದರೆ ಅದರ ಜೊತೆಗೆ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ನಾವು ಅಷ್ಟು ಗಟ್ಟಿಯಾಗಿ ಕೇಳಲಿಲ್ಲ. ಸಿಡಿದ ಆ ಸ್ಟೌ ಎಲ್ಲಿದೆ?

2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ಬಿದ್ದು 158 ಜನ ಸತ್ತರು. ‘ವಿಮಾನ ಬಿತ್ತು, ಅಪಘಾತ’ ಎಂದು ಬರೆದು ಯಾರಾದರೂ ಕಡತ ಮುಚ್ಚಿದರೇ? ಕಣಿವೆಯಿಂದ ಚೂರುಗಳನ್ನು ಹೆಕ್ಕಿದರು, ಪೈಲಟ್‌ಗಳ ಮಾತು ಅಚ್ಚಾಗಿದ್ದ ಪೆಟ್ಟಿಗೆ ಹುಡುಕಿ ಕೇಳಿದರು, ತನಿಖಾ ನ್ಯಾಯಾಲಯ ಕೂತು ಕಾರಣ ಹೇಳಿತು. ಸೇತುವೆ ಕುಸಿದರೂ, ಕಾರ್ಖಾನೆಯ ಬಾಯ್ಲರ್ ಸಿಡಿದರೂ ಹೀಗೆಯೇ. ಮುರಿದ ಲೋಹವನ್ನು ನೋಡಿ ಅದು ಎಲ್ಲಿಂದ, ಯಾಕೆ ಮುರಿಯಿತು ಎಂದು ಹೇಳುವುದೇ ಒಂದು ವಿದ್ಯೆ. ಅದನ್ನು ಕಲಿತ ಎಂಜಿನಿಯರುಗಳು ನಮ್ಮಲ್ಲೂ ಇದ್ದಾರೆ, ಮಡಿವಾಳದಲ್ಲಿ ಸರ್ಕಾರದ ವಿಧಿವಿಜ್ಞಾನ ಪ್ರಯೋಗಾಲಯವೂ ಇದೆ. ಅಡುಗೆಮನೆಯ ತನಕ ಆ ವಿದ್ಯೆ ಬರುವುದಿಲ್ಲ, ಅಷ್ಟೇ.

ಸ್ಟೌ ಹೇಗೆ ಕೆಡುತ್ತದೆ ಎಂಬುದನ್ನು ಅದರ ಮುಂದೆ ಬೆವರು ಸುರಿಸಿದ ನಮಗೇ ಯಾರೂ ಹೇಳಿಕೊಡಬೇಕಾಗಿಲ್ಲ. ಪಂಪ್ ಸ್ಟೌನಲ್ಲಿ ಗಾಳಿ ತುಂಬಿ ಸೀಮೆಎಣ್ಣೆಯನ್ನು ಮೇಲಕ್ಕೆ ನೂಕುತ್ತೇವೆ. ನಿಪ್ಪಲ್ಲಿನ ತೂತು ಕಟ್ಟಿ, ಮೇಲೆ ಮೇಲೆ ಪಂಪ್ ಹೊಡೆದರೆ ಟ್ಯಾಂಕಿನಲ್ಲಿ ಒತ್ತಡ ಏರುತ್ತದೆ. ಟ್ಯಾಂಕು ಕಳಪೆಯಾಗಿದ್ದರೆ ಬೆಸುಗೆಯಲ್ಲಿ ಬಾಯಿ ಬಿಡುತ್ತದೆ. ಸವೆದ ವಾಷರಿನಿಂದ ಎಣ್ಣೆ ಒಸರಿ ಹೊತ್ತಿಕೊಳ್ಳುತ್ತದೆ. ಉರಿಯುವಾಗಲೇ ಎಣ್ಣೆ ಹೊಯ್ದರೆ, ಅಥವಾ ಎಣ್ಣೆಗೆ ಪೆಟ್ರೋಲು ಬೆರೆಸಿದ್ದರೆ, ಹೇಳುವುದೇ ಬೇಡ. ಬತ್ತಿ ಸ್ಟೌ ಬೇರೆ. ಅದರಲ್ಲಿ ಗಾಳಿಯೇ ತುಂಬುವುದಿಲ್ಲ. ಕಾದ ಆವಿ ಭಗ್ಗೆಂದು ಹೊತ್ತಬಹುದು, ಆದರೆ ಪಂಪ್ ಸ್ಟೌನ ಹಾಗೆ ಒತ್ತಡದಿಂದ ಸಿಡಿಯುವ ದಾರಿ ಅದಕ್ಕಿಲ್ಲ. ಬತ್ತಿ ಸ್ಟೌ ಇದ್ದ ಮನೆಯಲ್ಲಿ ‘ಸಿಡಿಯಿತು’ ಎಂದರೆ ಅಲ್ಲೇ ನಿಂತು ಪ್ರಶ್ನೆ ಕೇಳಬೇಕು.

ನಿಜವಾಗಿ ಸಿಡಿದ ಟ್ಯಾಂಕು ಹರಿದಿರುತ್ತದೆ, ಹರಿದ ಅಂಚು ಕಾಣುತ್ತದೆ. ಟ್ಯಾಂಕು ನೆಟ್ಟಗಿದ್ದು, ಮುಚ್ಚಳ ಬಿಗಿಯಾಗಿದ್ದು, ಒಳಗೆ ಎಣ್ಣೆಯೂ ಉಳಿದಿದ್ದರೆ ಸ್ಟೌ ಸುಳ್ಳು ಹೇಳುತ್ತಿಲ್ಲ, ಮನೆಯವರು ಹೇಳುತ್ತಿದ್ದಾರೆ. ಮೈಯ ಸುಟ್ಟ ಗಾಯವೂ ಮಾತಾಡುತ್ತದೆ. ಕೂತು ಅಡುಗೆ ಮಾಡುವವಳ ಮೇಲೆ ಉರಿ ಹಾರಿದರೆ ಹೆಚ್ಚಾಗಿ ಮೊದಲು ಬೇಯುವುದು ಕೈ, ಎದೆ, ಹೊಟ್ಟೆ, ತೊಡೆ. ಮೇಲಿಂದ ಎಣ್ಣೆ ಸುರಿದಿದ್ದರೆ ನೆತ್ತಿ, ಭುಜ, ಬೆನ್ನು. ಕೂದಲಿನಲ್ಲಿ ಎಣ್ಣೆಯ ವಾಸನೆ. ಆದರೆ ನೈಲಾನ್ ಸೀರೆ ಉಟ್ಟಿದ್ದರೆ ಬೆಂಕಿ ಕೆಳಗಿನಿಂದ ಮೇಲಕ್ಕೆ ಕ್ಷಣದಲ್ಲಿ ಹಬ್ಬಿ ಗುರುತೆಲ್ಲ ಕಲಸಿಹೋಗುತ್ತದೆ. ಆದ್ದರಿಂದ ಗಾಯವೊಂದನ್ನೇ ನೋಡಿ ತೀರ್ಪು ಕೊಡಲಾಗದು. ಸ್ಟೌ, ಗೋಡೆಯ ಮಸಿ, ಬಟ್ಟೆ, ಗಾಯ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಬೇಕು.

ಇಡಲು ಏನಾದರೂ ಉಳಿದಿದ್ದರೆ ತಾನೆ! ಇಂಥ ಒಂದು ಮನೆಗೆ ನಾವು ನಾಲ್ವರು ಮಾರನೆಯ ದಿನ ಹೋದೆವು. ಅಡುಗೆಮನೆ ತೊಳೆದಾಗಿತ್ತು, ಗೋಡೆಗೆ ಸುಣ್ಣ ಬಳಿದಿದ್ದರು. ‘ಸೂತಕದ ಮನೆಯಲ್ಲವೇ’ ಅಂದರು. ಸ್ಟೌ ಗುಜರಿಯವನ ಗಾಡಿ ಹತ್ತಿತ್ತು. ಸೂತಕ ಕಳೆಯುವ ಮೊದಲೇ ಸುಣ್ಣ ಬಳಿಯುವ ಶಾಸ್ತ್ರ ಯಾವ ಊರಿನದೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹಾಗಾದರೆ ಎಲ್ಲವೂ ಕೊಲೆಯೇ ಎಂದು ನಾನು ಹೇಳುತ್ತಿಲ್ಲ. ಐಎಸ್‌ಐ ಗುರುತಿಲ್ಲದ ಕಳಪೆ ಸ್ಟೌಗಳು ಸಂತೆಯಲ್ಲಿ ಮಾರಾಟವಾಗಿವೆ, ಅವು ಬಡವರ ಮನೆಯ ಹೆಂಗಸರನ್ನು ಸುಟ್ಟಿವೆ. ಅದೂ ಅನ್ಯಾಯವೇ. ಪಂಪ್ ಸ್ಟೌಗೆ ಐಎಸ್ 1342 ಎಂಬ ಮಾನದಂಡವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ದೋಷವಿರುವ ವಸ್ತುವಿನಿಂದಾದ ಹಾನಿಗೆ ಮಾಡಿದವನೂ ಮಾರಿದವನೂ ಹೊಣೆ ಎನ್ನುವ ಅಧ್ಯಾಯವೇ ಇದೆ. ಸ್ಟೌ ಸಿಡಿದದ್ದು ನಿಜವಾದರೆ ಕಂಪನಿಯವನನ್ನು ಕಟಕಟೆಗೆ ತನ್ನಿ. ಸುಳ್ಳಾದರೆ ಮನೆಯವರನ್ನು ತನ್ನಿ. ‘ಅಪಘಾತ’ ಎಂಬ ಒಂದು ಪದ ಇಬ್ಬರನ್ನೂ ಉಳಿಸಿಬಿಡುತ್ತದೆ.

ಸಾಯುವವಳೇ ‘ಸ್ಟೌ ಸಿಡೀತು’ ಅಂದಳಲ್ಲ ಎನ್ನುತ್ತಾರೆ. ಮಂಚದ ಪಕ್ಕ ಗಂಡ, ಅತ್ತೆ. ಮಕ್ಕಳು ಅವರ ಕೈಯಲ್ಲಿ. ಬದುಕಿದರೆ ಅದೇ ಮನೆಗೆ ಹೋಗಬೇಕು. ಇನ್ನೇನು ಹೇಳಿಯಾಳು? ಸ್ಟೌಗೆ ಗಂಡನ ಭಯವಿಲ್ಲ, ಅದನ್ನು ಕೇಳಿ.

ಈಗ ಸೀಮೆಎಣ್ಣೆ ಹಿಂದೆ ಸರಿದು ಗ್ಯಾಸ್ ಬಂದಿದೆ, ಮಾತೂ ‘ಸಿಲಿಂಡರ್ ಸ್ಫೋಟ’ ಎಂದು ಬದಲಾಗಿದೆ. ಎಷ್ಟೋ ಸಲ ಸಿಲಿಂಡರ್ ಇಡಿಯಾಗಿಯೇ ಇರುತ್ತದೆ. ಸೋರುವುದು ಪೈಪು, ರೆಗ್ಯುಲೇಟರು, ವಾಲ್ವಿನೊಳಗಿನ ರಬ್ಬರ್ ಉಂಗುರ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ. ತುಂಬಿ ಹೊತ್ತಿಕೊಂಡರೆ ಬಾಗಿಲು, ಕಿಟಕಿಗಳ ಮೇಲೂ ಸಾಮಾನ್ಯವಾಗಿ ಗುರುತು ಬಿಡುತ್ತದೆ. ಇನ್ನೊಂದು ಮಾತು: ಇಂಥ ಅಪಘಾತಕ್ಕೆ ಗ್ಯಾಸ್ ಕಂಪನಿಗಳು ವಿಮೆ ಮಾಡಿಸಿರುತ್ತವೆ. ಪರಿಹಾರ ಬೇಕಾದರೆ ಏಜೆನ್ಸಿಗೆ ತಿಳಿಸಬೇಕು, ಅವರ ಕಡೆಯವರು ಪರೀಕ್ಷಿಸಬೇಕು. ಸೊಸೆ ಸತ್ತ ಮನೆಯವರು ಏಜೆನ್ಸಿಗೆ ತಿಳಿಸಿದ್ದಾರೆಯೇ? ಬರುವ ದುಡ್ಡನ್ನು ಬೇಡವೆನ್ನುವಷ್ಟು ವೈರಾಗ್ಯ, ವರದಕ್ಷಿಣೆಗೆ ಪೀಡಿಸಿದವರಿಗೆ ಇದ್ದಕ್ಕಿದ್ದಂತೆ ಎಲ್ಲಿಂದ ಬಂತು?

ಕಾನೂನು ಎಲ್ಲಿ ಜಾರುತ್ತದೆ ನೋಡಿ. ಮದುವೆಯಾಗಿ ಏಳು ವರ್ಷದೊಳಗೆ ಸತ್ತರೆ ಮ್ಯಾಜಿಸ್ಟ್ರೇಟರ ವಿಚಾರಣೆ, ಶವಪರೀಕ್ಷೆ ಎಂಬ ಕಟ್ಟಳೆ 1983ರಿಂದ ಇದೆ. 2024ರ ಜುಲೈ 1ರಿಂದ ಬಂದಿರುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮಿನಂತೆ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರೇ ಸ್ಥಳಕ್ಕೆ ಬರಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಗಡುವಿದೆ. ವರದಕ್ಷಿಣೆ ಸಾವು ಇದರೊಳಗೆ ಬರುತ್ತದೆ. ಆದರೆ ಠಾಣೆಯಲ್ಲಿ ಬರೀ ‘ಅಸ್ವಾಭಾವಿಕ ಸಾವು’ ಎಂದು ಬರೆದುಕೊಂಡರೆ ಅಪರಾಧವೇ ದಾಖಲಾಗಲಿಲ್ಲ. ತಜ್ಞರು ಯಾಕೆ ಬರುತ್ತಾರೆ? ಪರೀಕ್ಷೆ ಮಾಡಿದರೆ ತಾನೆ ಅಪರಾಧ ಕಾಣುವುದು. ಅಪರಾಧ ಬರೆದರೆ ಮಾತ್ರ ಪರೀಕ್ಷೆ ಅನ್ನುತ್ತಾರೆ. ಬೆಂಕಿಯಿಂದ ಹೆಂಗಸು ಸತ್ತ ಪ್ರತಿ ಪ್ರಕರಣದಲ್ಲೂ, ಹೆಸರೇನೇ ಬರೆಯಲಿ, ಸ್ಟೌ ಅಥವಾ ಸಿಲಿಂಡರ್ ಜಪ್ತಿಯಾಗಿ ಪ್ರಯೋಗಾಲಯಕ್ಕೆ ಹೋಗಲೇಬೇಕು ಎಂಬುದು ನಮ್ಮ ಬೇಡಿಕೆಯಾಗಬೇಕು.

ಅಲ್ಲಿಯವರೆಗೆ ನಮ್ಮ ಸಂಘಗಳು ಹತ್ತಿರದಲ್ಲೇ ಇವೆ, ಪೊಲೀಸರಿಗಿಂತ ಮೊದಲು ತಲುಪುತ್ತವೆ. ಅಡುಗೆಮನೆಗೆ ಬೀಗ ಹಾಕಿಸಿ, ಯಾರೂ ತೊಳೆಯದಂತೆ ನೋಡಿಕೊಳ್ಳಿ. ಏನನ್ನೂ ಮುಟ್ಟಬೇಡಿ, ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಸುಟ್ಟ ಬಟ್ಟೆಯನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಮುದ್ರೆ ಒತ್ತುವಂತೆ ಪೊಲೀಸರನ್ನು ಕೇಳಿ. ಬರಿಯ ಪ್ಲಾಸ್ಟಿಕ್ ಚೀಲದಲ್ಲಿ ಸೀಮೆಎಣ್ಣೆಯ ಅಂಶ ಆರಿಹೋಗುತ್ತದೆ. ಮಹಜರಿಗೆ ಪಂಚರಾಗಿ ನಿಮ್ಮನ್ನೇ ಕರೆಯಬಹುದು. ‘ಸ್ಟೌ ಒಡೆದಿತ್ತು’ ಎಂದಷ್ಟೇ ಬರೆದಿದ್ದರೆ ಪೆನ್ನು ಕೆಳಗಿಡಿ. ಯಾವ ಸ್ಟೌ, ಎಲ್ಲಿ ಒಡೆದಿತ್ತು, ಒಳಗೆ ಎಷ್ಟು ಎಣ್ಣೆ ಇತ್ತು, ಈಗ ಅದು ಯಾರ ವಶದಲ್ಲಿದೆ ಎಂಬುದನ್ನು ಬರೆಸಿ, ಒಬ್ಬರಿಂದ ಗಟ್ಟಿಯಾಗಿ ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಿ.