ಚಿನ್ನ ಉಂಡವರೇ ದೂಳಿನ ಲೆಕ್ಕ ಕೊಡಬೇಕು

ಕೋಲಾರ ಚಿನ್ನದ ಗಣಿಯ ಸೈನೈಡ್ ಗುಡ್ಡಗಳನ್ನು ಹರಾಜಿಗಿಡುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಸಾವಿರ ಎಕರೆ ನೆಲದ ಮೇಲೆ 13 ಗುಡ್ಡಗಳು. ಅವುಗಳಲ್ಲಿ ಸುಮಾರು 3.3 ಕೋಟಿ ಟನ್ ಗಣಿಪುಡಿ, ಆ ಪುಡಿಯಲ್ಲಿ ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ ಚಿನ್ನ. ಒಟ್ಟು ಕೂಡಿಸಿದರೆ ಇಪ್ಪತ್ತು ಟನ್ನಿಗೂ ಹೆಚ್ಚು ಸಿಕ್ಕೀತು ಎಂಬ ಅಂದಾಜು. ಅಂದಿನಿಂದ ಸರ್ಕಾರದ ಮಾತುಗಳಲ್ಲಿ ಮುಂದೆ ನಿಂತಿರುವುದು ಗಣಿ ನಡೆಸಿದ ಕೇಂದ್ರದ ಕಂಪನಿ ಬಿಜಿಎಂಎಲ್ (ಭಾರತ್ ಗೋಲ್ಡ್ ಮೈನ್ಸ್) ಕಟ್ಟಬೇಕಾದ ಬಾಕಿ, ಹರಾಜಿನ ವರಮಾನ, ಮತ್ತು ಎಂದಿನಂತೆ ಉದ್ಯೋಗದ ಭರವಸೆ. ಗುಡ್ಡದ ಬುಡದಲ್ಲೇ ಸಂಸಾರ ಮಾಡುತ್ತಿರುವವರ ಶ್ವಾಸಕೋಶ ಹೇಗಿದೆ, ಕೊಳವೆಬಾವಿಯ ನೀರು ಹೇಗಿದೆ ಎಂಬುದು ಹಿಂದಿನ ಸಾಲಿಗೆ ಸರಿದಿದೆ. ಈ ಕ್ರಮ ತಲೆಕೆಳಗಾಗಿದೆ. ಅಳೆಯುವ ಮುನ್ನ ಅಗೆಯಬಾರದು.

ಕೆಜಿಎಫ್ ಎಂದರೆ ಇವತ್ತಿನ ಹುಡುಗರಿಗೆ ಸಿನಿಮಾ. ಮೈಸೂರಿನವರಿಗೆ ಅದು ದೂರದ ಕೋಲಾರದ ಪಾಡು. ಈ ಅಸಡ್ಡೆ ನಮಗೆ ಒಪ್ಪುವಂಥದ್ದಲ್ಲ. ಆ ಗಣಿಗಳಲ್ಲಿ ಒಂದರ ಹೆಸರೇ ‘ಮೈಸೂರು ಮೈನ್’. 1875ರಲ್ಲಿ ಮೈಕೆಲ್ ಲ್ಯಾವೆಲ್ ಎಂಬಾತನಿಗೆ ಅಲ್ಲಿ ಅಗೆಯಲು ಅಪ್ಪಣೆ ಕೊಟ್ಟದ್ದು ಮೈಸೂರು ಸರ್ಕಾರ. ಗಣಿ ನಡೆಸಿದ ಜಾನ್ ಟೇಲರ್ ಕಂಪನಿ ಲಂಡನ್ನಿಗೆ ಲಾಭ ಸಾಗಿಸಿದರೆ, ಮೈಸೂರಿನ ಖಜಾನೆಗೆ ದಶಕಗಳ ಕಾಲ ರಾಜಧನ ಬಂದು ಬಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಅರಮನೆಗಲ್ಲ, 92 ಮೈಲಿ ದೂರದ ಆ ಗಣಿಗಳಿಗೆ. ಬೇಸಿಗೆಯಲ್ಲಿ ಕಾವೇರಿ ಬಡವಾದರೆ ಗಣಿಯ ಯಂತ್ರ ನಿಲ್ಲಬಾರದು ಎಂಬುದು 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಲು ಇದ್ದ ದೊಡ್ಡ ಕಾರಣಗಳಲ್ಲೊಂದು. ಭಾನುವಾರ ಆ ಕಟ್ಟೆಯ ಬೃಂದಾವನದಲ್ಲಿ ಕಾರಂಜಿ ನೋಡಿ ಬರುವ ಮೈಸೂರಿಗ ನೆನೆಯಬೇಕಾದ ಸಂಗತಿಯಿದು.

ರಾಜಧನ ಪಡೆದದ್ದು ಮಾತ್ರವಲ್ಲ, 1956ರ ನವೆಂಬರಿನಲ್ಲಿ ಗಣಿಗಳನ್ನು ರಾಷ್ಟ್ರೀಕರಣ ಮಾಡಿ ಮೈಸೂರು ರಾಜ್ಯವೇ ಅವುಗಳ ಒಡೆಯನಾಯಿತು. ಅಲ್ಲಿಂದ 1962ರಲ್ಲಿ ಕೇಂದ್ರಕ್ಕೆ ಒಪ್ಪಿಸುವ ತನಕ ಆ ಗುಡ್ಡಗಳ ಮೇಲೆ ಸುರಿದ ಪುಡಿ ನಮ್ಮ ಸರ್ಕಾರ ಸುರಿದ ಪುಡಿ. ಆ ಬಳಿಕ ಸುರಿದದ್ದು ಕೇಂದ್ರ. 1972ರಿಂದ ಬಿಜಿಎಂಎಲ್ ಎಂಬ ಹೆಸರಿನಲ್ಲಿ. ಹೀಗಿರುವಾಗ ಬೆಂಗಳೂರು ದೆಹಲಿಯ ಕಡೆಗೂ ದೆಹಲಿ ಬೆಂಗಳೂರಿನ ಕಡೆಗೂ ಬೆರಳು ತೋರಿಸುವುದು ನಾಚಿಕೆಗೇಡು. ಮಾಲಿನ್ಯ ಮಾಡಿದವನೇ ಬೆಲೆ ತೆರಬೇಕು ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಇಲ್ಲಿ ಮಾಲಿನ್ಯ ಮಾಡಿದವರೆಲ್ಲ ಓಡಿಹೋದ ಖಾಸಗಿ ಧಣಿಗಳಲ್ಲ. ಎರಡೂ ಸರ್ಕಾರಗಳು ಇದ್ದಲ್ಲೇ ಇವೆ.

ಅರೆದ ಅದಿರಿನಿಂದ ಚಿನ್ನ ಬಿಡಿಸಲು ಬಳಸಿದ ಸೈನೈಡ್‌ನ ಹೆಸರೇ ಹೆದರಿಸುತ್ತದೆ. ಆದರೆ ಬಿಸಿಲಿಗೂ ಗಾಳಿಗೂ ಸೈನೈಡ್ ಕಾಲಕ್ರಮೇಣ ಒಡೆದುಹೋಗುತ್ತದೆ. ಒಡೆಯದೆ ಉಳಿಯುವುದು ಕಲ್ಲಿನ ಹಿಟ್ಟು. ಮೂರು ಕಿಲೊಮೀಟರಿಗೂ ಹೆಚ್ಚು ಆಳದವರೆಗೆ ಇಳಿದು ಎತ್ತಿ, ಗಿರಣಿಯಲ್ಲಿ ಅರೆದ ಬೆಣಚುಕಲ್ಲು ಅದು. ಅದಿರಿನೊಡನೆ ಬಂದ ಭಾರಲೋಹಗಳೂ ಅದರಲ್ಲೇ ಇರುತ್ತವೆ. ಮುಂಗಾರಿನ ಗಾಳಿ ಎದ್ದಾಗ ಈ ಹಿಟ್ಟು ಗುಡ್ಡ ಬಿಟ್ಟು ಹೊರಡುತ್ತದೆ. ಚಾಂಪಿಯನ್ ರೀಫ್, ಮಾರಿಕುಪ್ಪಂಗಳ ಕಾರ್ಮಿಕರ ಲೈನ್ ಮನೆಗಳಲ್ಲಿ ನೀರಿನ ಕೊಡದ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಮಲಗಿದ ಕೂಸಿನ ಮುಖದ ಮೇಲೆ ಕೂರುತ್ತದೆ. ಇದರ ಅಪಾಯ ಇವತ್ತು ಗೊತ್ತಾದದ್ದೂ ಅಲ್ಲ. ನಲವತ್ತರ ದಶಕದಲ್ಲಿ ಇದೇ ಗಣಿಯ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ತಪಾಸಣೆ ಮಾಡಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಕಲ್ಲಿನ ದೂಳಿನಿಂದ ಬರುವ ಶ್ವಾಸಕೋಶದ ರೋಗ ಸಿಲಿಕೋಸಿಸ್ ಇತ್ತು. ಇಂಡಿಯಾದಲ್ಲಿ ಆ ರೋಗದ ಇತಿಹಾಸ ಬರೆಯುವವರು ಮೊದಲು ಹೆಸರಿಸುವುದೇ ಮೈಸೂರು ಸಂಸ್ಥಾನದ ಈ ಗಣಿಯನ್ನು. ಎಂಟು ದಶಕದ ಹಿಂದೆ ಗೊತ್ತಿದ್ದದ್ದನ್ನು ಇವತ್ತು ಗೊತ್ತಿಲ್ಲದಂತೆ ನಟಿಸುವುದಕ್ಕೆ ಯಾವ ಸರ್ಕಾರಕ್ಕೂ ಹಕ್ಕಿಲ್ಲ.

ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಮುಚ್ಚುವಾಗ ಗಣಿಪ್ರದೇಶವನ್ನು ಹೇಗೆ ಸುಸ್ಥಿತಿಗೆ ತರಬೇಕೆಂಬ ಯೋಜನೆಯನ್ನೂ ಹಣದ ಖಾತರಿಯನ್ನೂ ಕೊಡಲೇಬೇಕೆಂಬ ನಿಯಮ ಬಂದದ್ದು 2003ರಲ್ಲಿ. ಎರಡು ವರ್ಷದ ಅಂತರದಲ್ಲಿ ಒಂದು ಇಡೀ ಊರು ಕಾನೂನಿನ ಕೈತಪ್ಪಿತು. ಕಲುಷಿತ ತಾಣಗಳ ನಿರ್ವಹಣೆಗೆಂದು ಕೇಂದ್ರ 2025ರ ಜುಲೈನಲ್ಲಿ ಹೊಸ ನಿಯಮ ತಂದಾಗಲಾದರೂ ಕೆಜಿಎಫ್‌ಗೆ ಬಾಗಿಲು ತೆರೆಯಬೇಕಿತ್ತು. ಬೇರೆ ಕಾನೂನುಗಳಿವೆ ಎಂಬ ಕಾರಣ ಕೊಟ್ಟು ಗಣಿಗಾರಿಕೆಯ ಮಾಲಿನ್ಯವನ್ನೂ ವಿಕಿರಣ ತ್ಯಾಜ್ಯವನ್ನೂ ಅದರ ವ್ಯಾಪ್ತಿಯಿಂದ ಹೊರಗಿಟ್ಟರು. ಆ ಬೇರೆ ಕಾನೂನುಗಳು ಕೆಜಿಎಫ್‌ಗೆ ಏನು ಮಾಡಿವೆ ಎಂಬುದಕ್ಕೆ ಗುಡ್ಡಗಳೇ ಸಾಕ್ಷಿ.

ಅಮೆರಿಕದ ನವಾಹೊ ಬುಡಕಟ್ಟಿನ ನೆಲದ ಕತೆ ಇಲ್ಲಿ ಕೇಳಬೇಕು. 1944ರಿಂದ 1986ರವರೆಗೆ ಅಲ್ಲಿಂದ ಸುಮಾರು 3 ಕೋಟಿ ಟನ್ ಯುರೇನಿಯಂ ಅದಿರು ತೆಗೆದರು, ಅಣುಬಾಂಬಿಗೆ ಬೇಕಿತ್ತು. ಆಮೇಲೆ ಐನೂರಕ್ಕೂ ಹೆಚ್ಚು ಗಣಿಗಳನ್ನು ಬಾಯಿ ತೆರೆದಂತೆಯೇ ಬಿಟ್ಟು ಹೊರಟುಹೋದರು. ಗಣಿಯ ಕಲ್ಲನ್ನೇ ತಂದು ಜನ ಮನೆ ಕಟ್ಟಿಕೊಂಡಿದ್ದರು. ಅಲ್ಲೂ ಉದಾಸೀನವೇನೂ ಕಡಿಮೆ ಇರಲಿಲ್ಲ: ಕೊನೆಯ ಗಣಿ ನಿಂತು ಇಪ್ಪತ್ತು ವರ್ಷ ಕಳೆದ ಮೇಲೆ, 2007ರಲ್ಲಿ ಸಂಸತ್ತಿನ ಸಮಿತಿಯೊಂದು ಅಧಿಕಾರಿಗಳನ್ನು ಕೂರಿಸಿ ಪ್ರಶ್ನಿಸಿದ ನಂತರವೇ ಐದು ವರ್ಷದ ಯೋಜನೆ ಹುಟ್ಟಿತು. ಆದರೆ ಹುಟ್ಟಿದ ಮೇಲೆ ಒಂದೊಂದು ಗಣಿಯನ್ನೂ ಪಟ್ಟಿ ಮಾಡಿದರು, ವಿಕಿರಣ ಅಳೆದರು, ಅಗೆದವರು ಯಾರೆಂದು ಹುಡುಕಿದರು. ಕೆರ್-ಮೆಕ್‌ಗೀ ಎಂಬ ಕಂಪನಿ ತನ್ನ ಹೊಣೆಯನ್ನೆಲ್ಲ ಬೇರೊಂದು ಕಂಪನಿಯ ತಲೆಗೆ ಕಟ್ಟಿ ಜಾರಿಕೊಳ್ಳಲು ನೋಡಿತು. ನ್ಯಾಯಾಲಯ ಬಿಡಲಿಲ್ಲ. 2014ರ ಒಪ್ಪಂದದಲ್ಲಿ 515 ಕೋಟಿ ಡಾಲರ್ ಕಕ್ಕಬೇಕಾಯಿತು. ಅದರಲ್ಲಿ ಸುಮಾರು 100 ಕೋಟಿ ನವಾಹೊ ನೆಲದ ಐವತ್ತರಷ್ಟು ಗಣಿಗಳ ಶುದ್ಧೀಕರಣಕ್ಕೆ. ಉಳಿದ ನೂರಾರು ಗಣಿಗಳ ಕೆಲಸ ಇನ್ನೂ ಬಾಕಿ, ಅಲ್ಲಿನವರ ಸಿಟ್ಟೂ ಬಾಕಿ. ಆದರೂ ಅವರ ಕೈಯಲ್ಲಿ ಪಟ್ಟಿಯಿದೆ, ಅಳತೆಯಿದೆ, ಹಣ ಕೊಟ್ಟವನ ಹೆಸರಿದೆ. ಕೆಜಿಎಫ್‌ನವರ ಕೈಯಲ್ಲಿ ಹರಾಜಿನ ಸುದ್ದಿಯಿದೆ.

ಹರಾಜಿನ ಪರವಾದ ವಾದವನ್ನೂ ಕೇಳೋಣ. ಗುಡ್ಡ ಕರಗಿಸುವುದೇ ಶುದ್ಧೀಕರಣವಲ್ಲವೇ, ಚಿನ್ನದ ದುಡ್ಡಿನಲ್ಲೇ ದೂಳು ತೊಲಗಲಿ ಎನ್ನುತ್ತಾರೆ. ಅರ್ಧ ನಿಜ. ಜೋಹಾನ್ಸ್‌ಬರ್ಗ್‌ನಲ್ಲಿ ಹಳೆಯ ಗುಡ್ಡಗಳನ್ನು ಹೀಗೆ ಕರಗಿಸಿ ಮತ್ತೆ ಚಿನ್ನ ತೆಗೆದು, ಉಳಿಕೆಯನ್ನು ಊರಾಚೆ ಹೊಸ ಗುಡ್ಡ ಮಾಡಿದ್ದಾರೆ. ಆದರೆ ಸರಳ ಲೆಕ್ಕವೊಂದನ್ನು ಯಾರೂ ಮರೆಯಬಾರದು: ಒಂದು ಟನ್ ಪುಡಿಯಿಂದ ಒಂದು ಗ್ರಾಮಿಗೂ ಕಡಿಮೆ ಚಿನ್ನ ತೆಗೆದರೆ ಉಳಿಯುವುದು ಒಂದು ಟನ್ ಪುಡಿಯೇ. 3.3 ಕೋಟಿ ಟನ್ ಎಲ್ಲಿಗೆ ಹೋಗುತ್ತದೆ? ಯಾವ ಊರ ಗೋಮಾಳಕ್ಕೆ, ಯಾವ ಕೆರೆಯ ಮೇಲಂಗಳಕ್ಕೆ? ವರ್ಷಗಳ ಕಾಲ ಕದಡಿ ಲಾರಿಗೆ ತುಂಬುವಾಗ ಏಳುವ ದೂಳಿಗೆ ಯಾರು ಜವಾಬ್ದಾರರು? ಅರ್ಧ ಕೆಲಸ ಮಾಡಿ ಗುತ್ತಿಗೆದಾರ ದಿವಾಳಿ ಎದ್ದರೆ? ಈ ಪ್ರಶ್ನೆಗಳಿಗೆ ಟೆಂಡರ್ ಕಾಗದದಲ್ಲೇ ಉತ್ತರ ಇರಬೇಕು. ಇಲ್ಲದಿದ್ದರೆ ಅದನ್ನು ಶುದ್ಧೀಕರಣ ಎನ್ನುವುದು ಬೇಡ, ಎರಡನೆಯ ಲೂಟಿ ಎನ್ನೋಣ.

ಕೆಜಿಎಫ್‌ನಲ್ಲಿ ಆದದ್ದು ಗೋಗಿಯಲ್ಲೂ ಆಗಬಾರದು ಎಂಬುದು ನಮ್ಮ ಇನ್ನೊಂದು ಆತಂಕ. ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿಯ ನೆಲದಡಿ ಯುರೇನಿಯಂ ಇದೆ. ಶೋಧಕ್ಕೆಂದು ಗಣಿ ಕೊರೆದದ್ದೂ ಆಗಿದೆ, ಊರವರ ವಿರೋಧವೂ ಹಳೆಯದು. ಅಣು ಖನಿಜ ಮತ್ತು ಮಹತ್ವದ ಖನಿಜಗಳ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಬೇಕಿಲ್ಲ ಎಂದು ಕೇಂದ್ರದ ಪರಿಸರ ಸಚಿವಾಲಯ 2025ರ ಸೆಪ್ಟೆಂಬರಿನಲ್ಲಿ ಹೇಳಿದೆ. ಅಂದರೆ ಗೋಗಿಯ ರೈತ ತನ್ನ ಬಾವಿಯ ಬಗ್ಗೆ ಬಾಯಿಬಿಡಲು ಇದ್ದ ಒಂದು ವೇದಿಕೆಯೂ ಹೋದಂತೆ. ಈ ವಿನಾಯಿತಿಯನ್ನು ರಾಜ್ಯ ಸರ್ಕಾರ ಬರಹದಲ್ಲಿ ವಿರೋಧಿಸಬೇಕು. ಮುಚ್ಚಿದ ಗಣಿಯನ್ನು ಕಾಲು ಶತಮಾನ ಕಳೆದರೂ ತೊಳೆಯಲಾಗದವರಿಗೆ ಹೊಸದನ್ನು ತೆರೆಯುವಾಗ ಜನರ ಬಾಯಿ ಮುಚ್ಚಿಸುವ ಯೋಗ್ಯತೆಯಿಲ್ಲ.

ನಮ್ಮ ಒತ್ತಾಯ ಸ್ಪಷ್ಟ. ಹರಾಜಿಗೆ ಮುನ್ನ ಸ್ವತಂತ್ರ ತಜ್ಞರಿಂದ 13 ಗುಡ್ಡಗಳ, ಸುತ್ತಲಿನ ಗಾಳಿ-ನೀರು-ಮಣ್ಣಿನ ತನಿಖೆ ನಡೆಯಲಿ. ಹಳೆಯ ಕಾರ್ಮಿಕರಿಗೂ ಲೈನ್ ಮನೆಗಳ ಕುಟುಂಬಗಳಿಗೂ ಸರ್ಕಾರದ ಖರ್ಚಿನಲ್ಲಿ ಎದೆಯ ತಪಾಸಣೆ ಆಗಲಿ. ವರದಿ ಕನ್ನಡದಲ್ಲೂ, ಅಲ್ಲಿನ ಹೆಚ್ಚಿನವರ ಮನೆಮಾತಾದ ತಮಿಳಿನಲ್ಲೂ ಊರಿನ ಮುಂದೆ ಬರಲಿ. ಹರಾಜಿನ ಹಣದ ಮೊದಲ ಪಾಲು ಚಿಕಿತ್ಸೆಗೆ ಮತ್ತು ನೆಲದ ದುರಸ್ತಿಗೆ ಪ್ರತ್ಯೇಕ ಖಾತೆಯಲ್ಲಿ ಕೂರಬೇಕು. ಬಾಕಿ ವಸೂಲಿ, ಪಾಲು ಪಂಚಾಯಿತಿ ಎಲ್ಲ ಅದರ ನಂತರ. ಇಷ್ಟಕ್ಕೆ ಒಪ್ಪದೆ ಒಂದು ಬುಟ್ಟಿ ಪುಡಿಯನ್ನೂ ಅಲುಗಿಸಲು ರಾಜ್ಯ ಸರ್ಕಾರ ಬಿಡಕೂಡದು.