ತಟಸ್ಥತೆ ಹಣದ ಕೊಳೆಯನ್ನು ತೊಳೆಯದು

ಯುದ್ಧದಲ್ಲಿ ತಟಸ್ಥವಾಗಿರುವುದು ಬೇರೆ, ಯುದ್ಧದಿಂದ ಲಾಭ ಗಳಿಸುವುದು ಬೇರೆ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದಾಗ ಭಾರತ ಯಾರ ಪಕ್ಷವನ್ನೂ ವಹಿಸಲಿಲ್ಲ. ಆದರೆ ನಮ್ಮ ಕಚ್ಚಾ ತೈಲದ ಆಮದಿನಲ್ಲಿ ಅದುವರೆಗೆ ಶೇ. 2ರಷ್ಟೂ ಇರದಿದ್ದ ರಷ್ಯಾದ ಪಾಲು ಎರಡೇ ವರ್ಷಗಳಲ್ಲಿ ಮೂರನೇ ಒಂದು ಭಾಗವನ್ನು ದಾಟಿತು. ರಿಯಾಯಿತಿ ದರದ ಆ ತೈಲ ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರಕ್ಕೂ ಬಂತು. ಉಣಕಲ್‌ನಲ್ಲಿ ಬೈಕಿಗೆ ಪೆಟ್ರೋಲ್ ತುಂಬಿಸುವವನಿಗೆ ಅದರ ಮೂಲವೂ ತಿಳಿಯದು, ಅಗ್ಗದ ಲಾಭವೂ ದಕ್ಕಲಿಲ್ಲ. 2022ರ ಮೇ ನಂತರ ಬಂಕಿನ ದರ ಇಳಿದದ್ದು 2024ರ ಮಾರ್ಚ್‌ನಲ್ಲಿ, ಅದೂ ಲೀಟರಿಗೆ 2 ರೂಪಾಯಿ!

ಇತಿಹಾಸ ಇಂತಹ ಲೆಕ್ಕವನ್ನು ಮರೆಯುವುದಿಲ್ಲ. ದ್ವಿತೀಯ ಮಹಾಯುದ್ಧದಲ್ಲಿ ತಟಸ್ಥವಾಗಿದ್ದ ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಬ್ಯಾಂಕು ಹಿಟ್ಲರನ ಜರ್ಮನಿಯಿಂದ ಸುಮಾರು 120 ಕೋಟಿ ಫ್ರಾಂಕ್‌ಗಳ ಚಿನ್ನ ಖರೀದಿಸಿತು. ಅದರಲ್ಲಿ ಬೆಲ್ಜಿಯಂ ಮತ್ತು ಹಾಲೆಂಡಿನಿಂದ ದೋಚಿದ ಚಿನ್ನವೂ ಇತ್ತು. 1946ರಲ್ಲಿ 25 ಕೋಟಿ ಫ್ರಾಂಕ್ ತೆತ್ತು ಆ ದೇಶ ಕೈತೊಳೆದುಕೊಂಡಿತು. ಆದರೂ 1996ರಲ್ಲಿ ತನಿಖೆಗೆ ಬೆರ್ಜಿಯೆ ಆಯೋಗವನ್ನು ನೇಮಿಸಬೇಕಾಯಿತು. ಯಹೂದಿ ಸಂತ್ರಸ್ತರ ಠೇವಣಿಗಳ ಮೊಕದ್ದಮೆಯಲ್ಲಿ 1998ರಲ್ಲಿ ಸ್ವಿಸ್ ಬ್ಯಾಂಕುಗಳು 125 ಕೋಟಿ ಡಾಲರ್ ನೀಡಲು ಒಪ್ಪಿದವು.

ಹಾಗಾದರೆ ಆಕ್ರಮಣಕಾರನೊಂದಿಗೆ ಎಲ್ಲ ವ್ಯಾಪಾರವೂ ನಿಷಿದ್ಧವೇ? ನಮ್ಮ ಕರ್ಮಶಾಸ್ತ್ರ ಅಷ್ಟು ಸರಳವಾಗಿ ಮಾತನಾಡುವುದಿಲ್ಲ. ಯಮಾಮದ ನಾಯಕ ಸುಮಾಮ(ರ) ಮಕ್ಕಾಕ್ಕೆ ಧಾನ್ಯ ಹೋಗದಂತೆ ತಡೆದಾಗ, ವೈರಿಗಳೇ ಆಗಿದ್ದ ಮಕ್ಕಾದವರ ಮೊರೆ ಕೇಳಿ ಪ್ರವಾದಿವರ್ಯರು(ಸ) ಅದನ್ನು ಬಿಡಿಸಿದರು. ಅನ್ನ ಆಯುಧವಾಗಬಾರದು. ಹನಫಿ ಗ್ರಂಥ 'ಹಿದಾಯ' ಇನ್ನೊಂದು ಸೂಕ್ಷ್ಮವನ್ನು ತೋರಿಸುತ್ತದೆ. ಮದ್ಯ ತಯಾರಿಸುವವನಿಗೆ ದ್ರಾಕ್ಷಿರಸ ಮಾರುವುದನ್ನು ಇಮಾಮ್ ಅಬೂ ಹನೀಫಾ(ರ) ಅನುಮತಿಸಿದರು, ಅವರ ಇಬ್ಬರು ಪ್ರಮುಖ ಶಿಷ್ಯರು ಒಪ್ಪಲಿಲ್ಲ. ಆದರೆ ಕ್ಷೋಭೆಯ ಕಾಲದಲ್ಲಿ ದಂಗೆಕೋರನೆಂದು ತಿಳಿದವನಿಗೆ ಆಯುಧ ಮಾರುವುದು ತಪ್ಪೆಂಬುದರಲ್ಲಿ ಆ ಗ್ರಂಥಕ್ಕೆ ಸಂಶಯವಿಲ್ಲ. ತೈಲದ ಬಗ್ಗೆ ವಾದಕ್ಕೆ ಅವಕಾಶ ಇರಬಹುದು, ಆಯುಧದ ಬಗ್ಗೆ ಇಲ್ಲ.

ಈ ಮಾನದಂಡದಿಂದ ನಮ್ಮ ಸರಕಾರವನ್ನು ಅಳೆಯೋಣ. ಗಾಝಾದಲ್ಲಿ ಸಾವಿರಾರು ಮಕ್ಕಳು ಹತರಾಗುತ್ತಿದ್ದಾಗ ಇಸ್ರೇಲಿಗೆ ಶಸ್ತ್ರಾಸ್ತ್ರ ರಫ್ತು ತಡೆಯಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟು 2024ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು, ಅದು ವಿದೇಶಾಂಗ ನೀತಿಯ ವಿಷಯವೆಂದಿತು. ಒಂದು ವರ್ಷದ ಬಳಿಕ, 2025ರ ಸೆಪ್ಟೆಂಬರ್‌ನಲ್ಲಿ, ದೆಹಲಿಯಲ್ಲಿ ಇಸ್ರೇಲಿನೊಂದಿಗೆ ಹೂಡಿಕೆ ಒಪ್ಪಂದಕ್ಕೆ ಸಹಿ ಬಿತ್ತು. ಇದನ್ನು ತಟಸ್ಥತೆ ಎನ್ನಲಾದೀತೇ?

ಆದರೆ ತಕ್ಕಡಿ ಒಂದೇ ಇರಬೇಕು. ಹಿಟ್ಲರನಿಗೆ 1944ರ ಏಪ್ರಿಲ್‌ವರೆಗೆ ಕ್ರೋಮ್ ಅದಿರು ಮಾರಿದ್ದು ತುರ್ಕಿ. ಗಾಝಾಗಾಗಿ ಗುಡುಗಿದ ಅದೇ ತುರ್ಕಿ ಇಸ್ರೇಲಿನೊಂದಿಗೆ ವ್ಯಾಪಾರ ನಿಲ್ಲಿಸಿದ್ದು ಯುದ್ಧ ಆರಂಭವಾಗಿ ಏಳು ತಿಂಗಳ ನಂತರ, 2024ರ ಮೇಯಲ್ಲಿ. ನಮ್ಮ ಜುಮಾ ಭಾಷಣಗಳಲ್ಲಿ ಇದರ ಪ್ರಸ್ತಾಪ ವಿರಳ. ಉಕ್ರೇನಿನ ಮರಿಯುಪೋಲ್‌ನ ತಾಯಂದಿರ ಕಣ್ಣೀರು ಗಾಝಾದ ತಾಯಂದಿರ ಕಣ್ಣೀರಿಗಿಂತ ಅಗ್ಗವೇ? ಸ್ವತಃ ನಿಮ್ಮ ವಿರುದ್ಧವಾದರೂ ನ್ಯಾಯದ ಪರ ನಿಲ್ಲಿರೆಂದು ಕುರ್‌ಆನ್ ಆದೇಶಿಸಿರುವುದು ಇಂತಹ ಸಂದರ್ಭಕ್ಕಾಗಿಯೇ ಅಲ್ಲವೇ?

ತಂಪು ಪಾನೀಯದ ಬಹಿಷ್ಕಾರದಿಂದ ಮನಸ್ಸಿಗೆ ಸಮಾಧಾನ ಸಿಗಬಹುದು. ಆದರೆ ಮತ ಕೇಳಲು ಬರುವವರ ಮುಂದೆ, ನಮ್ಮ ತೆರಿಗೆಯಿಂದ ನಡೆಯುವ ಸರಕಾರ ಯಾರಿಗೆ ಏನನ್ನು ಮಾರುತ್ತಿದೆ, ಯಾರಿಂದ ಏನನ್ನು ಕೊಳ್ಳುತ್ತಿದೆ ಎಂಬ ಪ್ರಶ್ನೆಯನ್ನೂ ಇಡಬೇಕು. ನಮಗೆ ಪ್ರಿಯವಾದ ದೇಶಗಳ ವಿಷಯದಲ್ಲೂ ಅದೇ ಪ್ರಶ್ನೆ ಕೇಳಿದಾಗ ಮಾತ್ರ ನಮ್ಮ ದನಿಗೆ ನೈತಿಕ ತೂಕ ಬರುತ್ತದೆ.